ಮೂಗು ಸವೆದ ದೇವಿ

ಅತ್ತೆ ನ್ಯೂವಾರ್ಕ್‌ನಲ್ಲಿ ವಿಮಾನ ಇಳಿಯಲು ಐದು ದಿನ ಇದೆ ಎನ್ನುವಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಮದುವೆಯಾಗಿ ಅಮೆರಿಕಕ್ಕೆ ಹೊರಟಾಗ ಅವರು ನನ್ನ ಕೈಗಿಟ್ಟಿದ್ದ ದೇವಿಯ ಬೆಳ್ಳಿ ಮುಖವನ್ನು ನಾನು ಮ್ಯೂಸಿಯಂಗೆ ಕೊಟ್ಟು ಕೂತಿದ್ದೆ.

ಕೊಟ್ಟದ್ದು ಎರವಲಾಗಿಯೇ, ನಾಲ್ಕು ತಿಂಗಳ ಮಟ್ಟಿಗೆ. ಆಗ ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜು ಮಾಡುವ ವೈಟುಕೆ ಕೆಲಸ ಜೋರು. ನಾವಿದ್ದ ಬ್ರಿಡ್ಜ್‌ವಾಟರ್ ಸುತ್ತಮುತ್ತ ದಿನ ಬೆಳಗಾದರೆ ಹೊಸ ಕನ್ನಡದ ಮನೆಗಳು. ಪಕ್ಕದ ಊರಿನ ಪುಟ್ಟ ಮ್ಯೂಸಿಯಂನವರು ಹೊರಗಿನಿಂದ ಬಂದವರ ಮನೆವಸ್ತುಗಳ ಪ್ರದರ್ಶನ ಮಾಡುತ್ತೇವೆ, ಏನಾದರೂ ತನ್ನಿ ಎಂದಿದ್ದರು. ನಾನು ಹಿತ್ತಾಳೆ ದೀಪ ಒಯ್ದೆ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದ ಅಲ್ಲಿನ ಕ್ಯುರೇಟರಮ್ಮ ಕಪಾಟು ತೆಗೆದು ತೋರಿಸಿದರು: ಆಗಲೇ ಒಂಬತ್ತು ದೀಪಗಳು. ಬೇರೇನಾದರೂ ಇದೆಯೇ ಎಂದರು.

ಸೀರೆಗಳ ಕೆಳಗೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಮುಖ ನೆನಪಾಯಿತು. ಮೈಸೂರಿನ ನನ್ನ ತವರಿನಲ್ಲಿ ದೇವಿಯ ಮುಖ ಹೊರಬರುತ್ತಿದ್ದದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ, ವರ್ಷಕ್ಕೊಂದು ದಿನ. ಅತ್ತೆಯ ಧಾರವಾಡದ ಮನೆಯಲ್ಲಿ ಆಕೆ ದಿನವೂ ದೇವರ ಜಗಲಿಯ ಮೇಲಿರುವವಳು, ವಾರವಾರ ಹುಣಸೆಹಣ್ಣು ಹಚ್ಚಿಸಿಕೊಂಡು ಮೀಯುವವಳು. ಅಷ್ಟು ನನ್ನಿಂದ ನಡೆಯಲಿಲ್ಲ. ಬೀರುವಿನ ಕತ್ತಲಿಗಿಂತ ನಾಲ್ಕು ಜನ ನೋಡುವುದೇ ಮೇಲೆಂದು ಒಯ್ದು ಕೊಟ್ಟೆ. ದೇವರು ಎನ್ನಲು ನಾಚಿಕೆಯಾಗಿ ಅಲಂಕಾರದ್ದು ಎಂದೆ. ಫಾರಂನಲ್ಲಿ ಮಾಲೀಕರು ಎಂಬಲ್ಲಿ ಸಹಿ ಹಾಕಿದೆ. ಪ್ರದರ್ಶನ ಮುಗಿದ ಮೇಲೆ ಬರಬೇಕಿದ್ದ ಅತ್ತೆಗೆ ವೀಸಾ ಬೇಗ ಸಿಕ್ಕಿಬಿಟ್ಟಿತು.

ಬಂದ ಮರುದಿನ ಸ್ನಾನ ಮುಗಿಸಿ ಕೇಳಿಯೇಬಿಟ್ಟರು. "ನಾ ಕೊಟ್ಟ ದೇವಿ ಎಲ್ಲೆ ಅದಾಳವಾ?"

"ಮ್ಯೂಸಿಯಂಗೆ ಕೊಟ್ಟಿದ್ದೀನಿ, ಅತ್ತೆ. ವಾಪಸ್ ಕೊಡ್ತಾರೆ."

ಅವರು ಸೆರಗು ಸರಿಮಾಡಿಕೊಂಡರು. "ನಡಿ, ನೋಡ್ಕೊಂಡ ಬರೂಣು."

ಶನಿವಾರ. ನನ್ನವರು ಅಂದೂ ಆಫೀಸಿಗೆ ಹೋಗಿದ್ದರು. ನಾನೇ ಡ್ರೈವ್ ಮಾಡಿದೆ. ಹಿಂದೆ ಏಳು ವರ್ಷದ ಮಗಳು, ಪಕ್ಕದಲ್ಲಿ ಅತ್ತೆ.

ಮೊದಲ ಕೋಣೆಯಲ್ಲೊಂದು ಖಾಲಿ ಪೀಠ, ಅದರ ಮೇಲೊಂದು ಚೀಟಿ.

"ಇಲ್ಲೇನಿತ್ತವಾ? ಎಲ್ಲಿ ಹೋತು?"

ಚೀಟಿ ಓದಿ ಹೇಳಿದೆ. "ಕಲ್ಲಿನ ವಿಗ್ರಹ ಇತ್ತಂತೆ. ಯಾವ ಗುಡಿಯಿಂದ ಬಂತು ಅನ್ನೋ ಕಾಗದ ಇಲ್ಲ. ಗೊತ್ತಾಗೋವರೆಗೂ ಇಡಲ್ಲ ಅಂತ ತೆಗೆದಿದ್ದಾರೆ."

"ಛಲೋ ಮಾಡ್ಯಾರ. ನಮ್ಮದಕ್ಕ ಕಾಗದ ಐತೇನು?"

"ನಾನು ಸೈನ್ ಮಾಡಿದ್ದೀನಿ."

"ನಿಂದು ಅಂತ?"

"ಹೂಂ." ನನ್ನ ಕಿವಿ ಬಿಸಿಯಾಯಿತು.

ಒಳಗಿನ ಕೋಣೆಯಲ್ಲಿ ದೀಪಗಳ ಸಾಲು ದಾಟಿದರೆ ಗಾಜಿನ ಪೆಟ್ಟಿಗೆ. ಕಪ್ಪು ಮಖಮಲ್ಲಿನ ಮೇಲೆ ದೇವಿಯ ಮುಖ, ಮೇಲಿನಿಂದ ಬೆಳಕು. ಅತ್ತೆ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. "ಅಜ್ಜಿ, ಡೋಂಟ್ ಟಚ್!" ಎಂದಳು ಮಗಳು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಯವ್ವಾ, ಮೂಗಿಲ್ಲದಾಕಿಗೆ ಎಷ್ಟ ಛಂದ ಲೈಟ್ ಹಾಕ್ಯಾರ!"

ಬೆಂಚಿನ ಮೇಲೆ ಕೂತು ದನಿ ತಗ್ಗಿಸಿದರು. "ಕಣ್ಣು ಮೂಗು ಸವದ ದೇವಿನ್ನ ಜಗಲಿ ಮ್ಯಾಲ ಇಡೂದಿಲ್ಲವಾ. ಪತ್ತಾರಗ ಕೊಟ್ಟು, ಕರಗಿಸಿ ಹೊಸಾದು ಮಾಡಸ್ತಾರ. ನಿಮ್ಮ ಲಗ್ನದ ಮುಂದ ಹೊಸಾಕಿ ಬಂದಳು, ಪೂಜಿ ಅಕಿಗೆ ಹೋತು. ಇಕಿನ್ನ ಕರಗಸಾಕ ನನಗ ಮನಸ ಆಗಲಿಲ್ಲ. ನಾ ಲಗ್ನಾಗಿ ಬಂದಾಗಿಂದ ನಾನ ತೊಳದ ಮುಖ. ನಿಮ್ಮ ಮಾವಗ ಪತ್ತಾರಗ ಕೊಟ್ಟೆ ಅಂತ ಹೇಳಿ, ನಿನ್ನ ಕೈಯಾಗ ಇಟ್ಟು ಕಳಿಸಿದೆ."

"ಅಯ್ಯೋ, ನಾನು ಪೂಜೆ ಮಾಡ್ಲಿಲ್ಲ ಅಂತ ಒಂಬತ್ತು ವರ್ಷದಿಂದ..."

"ಪೂಜಿ ಮಾಡು ಅಂತ ನಾ ಎಲ್ಲಿ ಹೇಳಿದ್ದೆ?"

ಇಲ್ಲ, ಹೇಳಿರಲಿಲ್ಲ. ಜೋಪಾನ ಎಂದಷ್ಟೇ ಅಂದಿದ್ದರು. ಒಂಬತ್ತು ವರ್ಷ ಬೀರು ತೆಗೆದಾಗಲೆಲ್ಲ ಮುಖ ತಿರುಗಿಸುತ್ತಿದ್ದದ್ದು ನೆನೆದು ನನಗೂ ನಗು ಬಂತು.

"ಮ್ಯೂಸಿಯಂಗೆ ಕೊಟ್ಟೆ ಅಂದಿಯಲ್ಲ, ಎದಿ ಧಸಕ್ ಅಂತು," ಎಂದರು ಅತ್ತೆ. "ಇವರೂ ಪತ್ತಾರನಂಗ ಕರಗಿಸಿಬಿಟ್ಟಿದ್ದರ?"

ಅಷ್ಟರಲ್ಲಿ ಕ್ಯುರೇಟರಮ್ಮ ಬಂದರು. 'ಅಲಂಕಾರದ ಮುಖವಾಡ, ಭಾರತ. ಜಖಂಗೊಂಡಿದೆ' ಎಂದು ಗಾಜಿನ ಪೆಟ್ಟಿಗೆಯ ಮೇಲಿದ್ದ ಚೀಟಿಯನ್ನು ನಾನು ಅತ್ತೆಗೆ ಓದಿ ಹೇಳಿದೆ.

"ಜಖಂ ಏನ ಬಂತು? ತೊಳದು ತೊಳದು ಸವದೈತಿ ಅನ್ನು. ದೇವರ ಮುಖ ಅಂತ ಬರಿ ಅನ್ನು."

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅಲಂಕಾರ ಎಂದದ್ದು ನನ್ನದೇ ತಪ್ಪು ಎಂದೂ. ಕ್ಯುರೇಟರಮ್ಮ ತಲೆಯ ಮೇಲಿದ್ದ ಕನ್ನಡಕ ಇಳಿಸಿಕೊಂಡು ಎಲ್ಲವನ್ನೂ ಬರೆದುಕೊಂಡರು. ಮೂಗು ಮುರಿದದ್ದು ಯಾರು ಎಂದು ಶಾಲೆಯ ಮಕ್ಕಳು ದಿನಾ ಕೇಳುತ್ತಾರಂತೆ, ಇನ್ನು ಉತ್ತರ ಕೊಡಬಹುದು ಎಂದರು. ಮಾಲೀಕರ ಹೆಸರನ್ನೂ ತಿದ್ದಿಸುತ್ತೇನೆ, ನಿಮ್ಮದು ಬರೆಯಲಿ ಎಂದೆ ಅತ್ತೆಗೆ.

"ಬ್ಯಾಡ ಬ್ಯಾಡ! ನಿಮ್ಮ ಮಾವಗ ಗೊತ್ತಾದರ ನನ್ನ ಗತಿ ಏನು? ನಿಂದ ಇರಲಿ."

ವಾಪಸಾಗುವಾಗ ಬ್ರಿಡ್ಜ್‌ವಾಟರ್‌ನ ದೇವಸ್ಥಾನದ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ತೆಗೆದುಕೊಂಡೆವು. ನಾನು ನನ್ನದನ್ನು ಮುಗಿಸಿ ಮಗಳು ಬಿಟ್ಟದ್ದನ್ನೂ ಎಳೆದುಕೊಂಡೆ. ಅತ್ತೆ ತಮ್ಮ ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು.