ಆರು ಗಂಟೆಯವರೆಗಿನ ಪೋಕರು

ಮೊಮ್ಮಗ ಮೊಬೈಲಿನಲ್ಲಿ ಪೋಕರ್ ಪಾಠ ಕೇಳುತ್ತಿದ್ದಾನೆ. ಎಲೆ ಚೆನ್ನಾಗಿಲ್ಲದಿದ್ದರೆ ಬಿಟ್ಟುಬಿಡಿ, ಸೋತ ಸಿಟ್ಟಿನಲ್ಲಿ ಆಡಬೇಡಿ ಎಂದು ಯಾರೋ ಬಡಬಡಿಸುತ್ತಿದ್ದಾರೆ. ಇದನ್ನೆಲ್ಲ ಅರವತ್ತರ ದಶಕದಲ್ಲೇ, ಜಯನಗರದ ನಮ್ಮ ನಡುಮನೆಯ ಚಾಪೆಯ ಮೇಲೆ, ನನ್ನ ನಾದಿನಿ ಸರಸು ಹೇಳಿಕೊಟ್ಟಿದ್ದಳು ಎಂದರೆ ಅವನು ನಂಬುತ್ತಾನೆಯೇ? ನೀವಾದರೂ ನಂಬಿ.

ಮಾವನವರು ದಂಡು ಪ್ರದೇಶದಲ್ಲಿ ಯಾವುದೋ ಇಂಗ್ಲಿಷ್ ದೊರೆಯ ಕೈಕೆಳಗೆ ಗುಮಾಸ್ತರಾಗಿದ್ದಾಗ ಕಲಿತು ಮನೆಗೆ ತಂದ ಆಟವದು. ಪಣಕ್ಕೆ ಹುಣಸೆ ಬೀಜ. ಹೊಸ ಸೊಸೆಯಾದ ನನಗೆ ಒಳ್ಳೆಯ ಎಲೆ ಬಂದರೆ ಮುಖವೇ ಊರಿಗೆಲ್ಲ ಡಂಗುರ ಸಾರುತ್ತಿತ್ತು. "ಅತ್ತಿಗೆ, ನಿಮ್ಮ ಎಲೆ ಆಮೇಲೆ ನೋಡ್ಕೊಳ್ಳಿ, ಮೊದ್ಲು ಎದುರಿನವರ ಕೈ ನೋಡಿ" ಎನ್ನುತ್ತಿದ್ದಳು ಸರಸು. ಹಾಕಿದ ಬೀಜದ ಆಸೆಗೆ ಕೆಟ್ಟ ಎಲೆ ಹಿಡಿದು ಕೂರಬಾರದು ಎನ್ನುವುದು ಅವಳ ಇನ್ನೊಂದು ಪಾಠ. ನನಗೆ ಎರಡೂ ಹತ್ತಲಿಲ್ಲ.

ಅವಳನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಒಂದು ಭಾನುವಾರ. ಅದಕ್ಕೂ ಮುಂಚೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಇದೂ ಹೋದರೆ ಇನ್ನು ಯಾರೂ ಬಾಗಿಲಿಗೆ ಬರುವುದಿಲ್ಲ ಎಂಬ ಚಿಂತೆಯಲ್ಲಿ ಮಾವನವರಿಗೆ ಬೆಳಗಿನಿಂದ ತುತ್ತು ಇಳಿದಿರಲಿಲ್ಲ. ಬಸ್ಸು ಸಿಗದೆ ಗಂಡಿನವರು ತಡವಾಗಿ ಬಂದರು. ಕೇಸರಿಬಾತು ಮುಗಿಯುವಷ್ಟರಲ್ಲಿ ನಾಲ್ಕೂವರೆ, ರಾಹುಕಾಲ. ಆರರವರೆಗೆ ಮದುವೆ ಮಾತು ಎತ್ತುವಂತಿಲ್ಲ, ಎದ್ದು ಹೊರಡುವಂತೆಯೂ ಇಲ್ಲ. ಗೂಡಿನಲ್ಲಿದ್ದ ಇಸ್ಪೀಟು ನೋಡಿ ಗಂಡಿನ ತಂದೆ, ಕ್ಲಬ್ಬಿನಲ್ಲಿ ತಮಗೂ ಪೋಕರ್ ಅಭ್ಯಾಸವಿದೆ, ಹೊತ್ತು ಹೋಗಲಿ, ಹುಡುಗಿಯೂ ಕೂರಲಿ ಎಂದರು.

ಮಾವನವರು ಅಡುಗೆಮನೆಗೆ ಬಂದು "ಸೋತುಬಿಡಮ್ಮ, ಬೀಗರಾಗೋರು" ಎಂದು ಪಿಸುಗುಟ್ಟಿದರು. ಸರಸು ತಲೆಯಾಡಿಸಿದಳು.

ಎಲೆ ಹಂಚುವುದು ನನ್ನ ಕೆಲಸ. ಸರಸು ಸೋಲುತ್ತಲೇ ಹೋದಳು. ಗಂಡಿನ ತಂದೆ ತೊಡೆ ತಟ್ಟಿ ನಕ್ಕರು, ಮಾವನವರ ಮುಖಕ್ಕೆ ಜೀವ ಬಂತು. ನನಗೆ ಮಾತ್ರ ಹೆದರಿಕೆ, ಯಾಕೆಂದರೆ ಅವಳು ತನ್ನ ಎಲೆ ನೋಡುತ್ತಲೇ ಇರಲಿಲ್ಲ, ಹುಡುಗನ ಕೈ ನೋಡುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಆ ಮಹಾಶಯ ಎಲೆ ಬಂದೊಡನೆ ಅಪ್ಪನ ಕಡೆ ವಾಲಿಸಿ ತೋರಿಸುತ್ತಿದ್ದ. ಅವರು ಹೂಂ ಎಂದರೆ ಬೀಜ ಹಾಕುತ್ತಿದ್ದ. ಒಮ್ಮೆ ತಾನಾಗಿಯೇ ಕೈ ಚಾಚಿದಾಗ ತಂದೆ ಮಣಿಕಟ್ಟಿಗೆ ಪಟ್ಟೆಂದು ಕೊಟ್ಟರು. ಅವನು ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡ.

ಗಡಿಯಾರ ಆರು ಹೊಡೆಯಿತು. ಮಾವನವರು ಬಾಯಿ ತೆರೆಯುವ ಮೊದಲೇ ಸರಸು ಎಲೆ ಕೆಳಗಿಟ್ಟಳು.

"ಅಪ್ಪಾ, ಇವರು ಹುಣಸೆ ಬೀಜ ಹಾಕೋಕೂ ಅವರಪ್ಪನ್ನ ಕೇಳ್ತಾರೆ. ನನಗೆ ಈ ಮದುವೆ ಬೇಡ."

ಬಂದವರು ತಾಂಬೂಲವನ್ನೂ ಮುಟ್ಟದೆ ಹೊರಟರು.

ಈ ಕಥೆಯನ್ನು ನಾನು ಯಾವಾಗಲೂ ನಗುತ್ತ ಇಲ್ಲಿಗೇ ನಿಲ್ಲಿಸುತ್ತೇನೆ. ಇವತ್ತು ಮೊಮ್ಮಗನಿಗೂ ಹಾಗೆಯೇ ಹೇಳಿದೆ. ಅವನು ಮೊಬೈಲ್ ಪಕ್ಕಕ್ಕಿಟ್ಟು, "ಸಖತ್ತಾಗಿದಾರೆ ಅವರು, ಅಜ್ಜಿ. ಒಂಚೂರೂ ಹೆದರ್ಲಿಲ್ವಾ?" ಎಂದು ಕೇಳಿದ. ನನಗೆ ನಗಲಾಗಲಿಲ್ಲ. ಬಾಗಿಲು ಹಾಕಿದ ಮೇಲೆ ಅವಳು ಚಾಪೆಯ ಮೇಲೆ ಬೀಜ ಆರಿಸಲು ಕೂತಿದ್ದಳು. ಆರಿಸಿದ್ದೆಲ್ಲ ಬೆರಳಸಂದಿಯಿಂದ ಉದುರುತ್ತಿತ್ತು. ನಾನು ಆ ಕೈ ಹಿಡಿದುಕೊಂಡೆ. ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ. ಆಮೇಲೆ ಯಾರೂ ಅವಳನ್ನು ನೋಡಲು ಬರಲಿಲ್ಲ. ಬರುವುದಿಲ್ಲವೆಂದು ತಿಳಿದೇ ಅವಳು ಎಲೆ ಕೆಳಗಿಟ್ಟಿದ್ದಳು.