ಸಾಣಾಪುರದ ಗೂಟದ ಮೇಲಿನ ಅಂಗಿ

ಸಾಣಾಪುರದ ದಾರಿಯಲ್ಲಿ ಖಾಸಿಂಬಿಯವರ ಚಹಾದಂಗಡಿ. ಒಳಗೆ ಗೂಟಕ್ಕೆ ಹಳದಿ ಫುಟ್ಬಾಲ್ ಅಂಗಿಯೊಂದು ತೂಗುತ್ತಿತ್ತು. ದಿನವಿಡೀ ಮಿರ್ಚಿ ಕರಿಯುವ ಜಾಗ, ಆದರೂ ಅದರ ಮೇಲೆ ಒಂದು ಹನಿ ಎಣ್ಣೆಯ ಕಲೆಯಿಲ್ಲ! ಯಾರದೆಂದು ಖಾಸಿಂಬಿಯವರನ್ನು ಕೇಳಿದೆ.

"ನಾರ್ವೆ ದೇಶದಾವಂದ್ರಿ. ಗುಡ್ಡ ಹತ್ತಾಕ ಬಂದಾಂವ ಎರಡು ತಿಂಗಳು ಇಲ್ಲೇ ಉಂಡ, ನನಗ ಅಮ್ಮಾ ಅಂತಿದ್ದ. ಅವನ ಊರಿನ ತಂಡ ಅವರಜ್ಜನ ಕಾಲದ್ದಂತ, ಕೆಳಗಿನ ದರ್ಜೆಗೆ ಬಿದ್ದಿತ್ತಂತ. ಅದು ಮ್ಯಾಲ ಏರಿದ ವರ್ಷ ಬರ್ತೀನಿ ಅಂತ ಅಂಗಿ ಬಿಟ್ಟು ಹೋಗ್ಯಾನ. ಏರೈತೇನ, ನಿಮ್ಮ ಮೊಬೈಲ್‌ನ್ಯಾಗ ಸ್ವಲ್ಪ ನೋಡ್ರಿ."

ಅಂಗಿಯ ಮೇಲಿದ್ದ ಹೆಸರು ಹಾಕಿ ಹುಡುಕಿದೆ. ತಂಡ ಹೋದ ವರ್ಷ ಮೇಲಿನ ದರ್ಜೆಯಲ್ಲಿ ಆಡಿತ್ತು. ಸೋತು ಸೋತು ಮತ್ತೆ ಕೆಳಗಿಳಿದಿತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಹೇಳಿಬಿಟ್ಟೆ.

ಖಾಸಿಂಬಿ ಒಲೆಯ ಉರಿ ಸಣ್ಣ ಮಾಡಿದರು.

"ಹೋದ ವರ್ಷಾ? ಕಾಲು ಮುರಕೊಂಡು ನವಲಿ ಊರಾಗ ಮಗಳ ಮನ್ಯಾಗಿದ್ದೆ. ಮೂರು ತಿಂಗಳು ಅಂಗಡಿ ಮುಚ್ಚಿತ್ತು. ಬಂದು, ಬಾಗಿಲಿಗೆ ಹಾಕಿದ ಕೀಲಿ ನೋಡಿ ಹೋಗ್ಯಾನೇನೋ."

ಚಹಾ ಸೋಸಿ ನನ್ನ ಮುಂದಿಟ್ಟರು. ಎದ್ದು, ಸೆರಗಿನಿಂದ ಕೈ ಒರೆಸಿಕೊಂಡು, ಅಂಗಿಯ ಹೆಗಲಿನ ಧೂಳು ಜಾಡಿಸಿದರು.

"ಮತ್ತ ಏರ್ತೈತಲ್ರಿ. ಅಲ್ಲೀತನಕ ನಾ ಎಲ್ಲೂ ಹೋಗಂಗಿಲ್ಲ."