ಬರಿಗೈಲಿ ಬಂದವನ ನಂಬರು

ಮೊಳಕಾಲ್ಮೂರಿನಿಂದ ಬರುತ್ತ ಸಂಜೆ ಚಳ್ಳಕೆರೆಯ ಎಸ್‌ಟಿಡಿ ಬೂತಿನ ಮುಂದೆ ಜೀಪು ನಿಲ್ಲಿಸಿದೆವು. ನಮ್ಮ ಕಂಪನಿಯ ಗಾಳಿಯಂತ್ರ ಸ್ಥಾಪಿಸಲು ಬಂದಿರುವ ಕೆನಡಾದ ಪೀಟರ್‌ಗೆ, ರಜೆಯಲ್ಲಿ ಬಿಲ್ಲು ಹಿಡಿದು ಕ್ಯಾರಿಬೂ ಎಂಬ ಹಿಮಸಾರಂಗದ ಬೇಟೆಗೆ ಮೊದಲ ಸಲ ಹೋಗುವಾಸೆ. ಕ್ವಿಬೆಕ್ಕೋ, ನ್ಯೂಫೌಂಡ್‌ಲ್ಯಾಂಡೋ? ಅಲ್ಲಿ ಬೇಟೆಗೆ ಕರೆದೊಯ್ಯುವ ಇಬ್ಬರು ಗೈಡುಗಳಲ್ಲಿ ಯಾರನ್ನು ನಂಬುವುದು?

ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲಿಗ ನಾನು. ಆದರೂ ಹೇಳಿದ್ದು ಅಪ್ಪನ ಮಾತನ್ನೇ: “ಬೋರು ಕೊರೆಯೋನು ಎಂಥೋನು ಅಂತ ನೀರು ಬೀಳದೋನ್ನ ಕೇಳ್ಲೇ.” ಅವರ ಜೊತೆ ಬೇಟೆಗೆ ಹೋಗಿ ಬರಿಗೈಲಿ ಬಂದವನ ನಂಬರು ಕೇಳು ಎಂದೆ.

ನ್ಯೂಫೌಂಡ್‌ಲ್ಯಾಂಡಿನವನು ನಮ್ಮಲ್ಲಿ ಅಂಥವರೇ ಇಲ್ಲ ಎಂದ. ಕ್ವಿಬೆಕ್‌ನವನು ನಕ್ಕು ನಂಬರು ಕೊಟ್ಟ. ಪೀಟರ್ ಫೋನು ಮಾಡಿದರೆ, ಗೈಡನ್ನು ಹೊಗಳುತ್ತ ಆ ಬರಿಗೈಯವನು ಮಾತು ನಿಲ್ಲಿಸಲೇ ಇಲ್ಲ. ಈ ವರ್ಷವೂ ಅಲ್ಲಿಗೇ ಹೊರಟಿದ್ದಾನಂತೆ.

ಬೂತಿನ ರುದ್ರಣ್ಣ ಮೀಟರು ನೋಡುತ್ತ, “ಬೇಟೆ ಸಿಗದೋನಿಗೇ ಇಷ್ಟು ಮಾತೈತೆ. ಸಿಕ್ಕಿದ್ರೆ ನಿಮ್ ಸಾಹೇಬ್ರು ನನ್ನ ಬೂತನ್ನೇ ಕೊಂಡ್ಕೋಬೇಕಾಗಿತ್ತು” ಅಂದ.

ಪೀಟರ್ ಆಗಲೇ ಕ್ವಿಬೆಕ್‌ನ ಗೈಡಿಗೆ ಮತ್ತೆ ನಂಬರು ಒತ್ತುತ್ತಿದ್ದ.